ಬೆನಿಫಿಟ್ ಹಣದಲ್ಲಿ ಬಾಡಿಗೆ ಕಟ್ಟಿಕೊಂಡು ಕಾಲೇಜು ಕೋರ್ಸ್ ಮುಗಿಸುವುದು ಹೇಗೆ? ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಕೋರ್ಸ್ ಮುಗಿಯಲು ಇನ್ನೂ ಎರಡು ಟರ್ಮ್ ಇದೆ. ಯೂನಿವರ್ಸಲ್ ಕ್ರೆಡಿಟ್ (ಆದಾಯ ಕಡಿಮೆ ಇದ್ದವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಬೆನಿಫಿಟ್) ಬರುತ್ತಿದೆ, ಆದರೆ ಬಂದದ್ದರಲ್ಲಿ ಮುಕ್ಕಾಲು ಪಾಲು ಬಾಡಿಗೆಗೇ ಹೋಗುತ್ತದೆ. ಹೀಗಾದಾಗ ಕೆಲವರು ಕೋರ್ಸ್ ಬಿಡುತ್ತಾರೆ, ಕೆಲವರು ಬಾಡಿಗೆ ಬಾಕಿ ಉಳಿಸಿಕೊಳ್ಳುತ್ತಾರೆ. ಎರಡೂ ದುಬಾರಿ. ಅದಕ್ಕೆ ಮೊದಲು ತಟ್ಟಬೇಕಾದ ಬಾಗಿಲುಗಳಿವೆ. ಅವುಗಳಲ್ಲಿ ಹೆಚ್ಚಿನವು ಈ ಬೆನಿಫಿಟ್ ನೋಡಿಕೊಳ್ಳುವ ಜಾಬ್‌ಸೆಂಟರಿನಲ್ಲಿಲ್ಲ, ಕೌನ್ಸಿಲ್ (ಸ್ಥಳೀಯ ಆಡಳಿತ) ಮತ್ತು ಕಾಲೇಜಿನಲ್ಲಿವೆ. ಆದರೆ ಯಾವ ಬಾಗಿಲು ನಿಮಗೆ ತೆರೆಯುತ್ತದೆ ಎನ್ನುವುದು ನಿಮ್ಮ ಕೋರ್ಸನ್ನು ಕಾಗದದ ಮೇಲೆ ಏನೆಂದು ಕರೆಯುತ್ತಾರೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಅದನ್ನೇ ಮೊದಲು ಬಗೆಹರಿಸಿಕೊಳ್ಳೋಣ.

ಇಲ್ಲಿ ಹೇಳುವುದು ಇಂಗ್ಲೆಂಡಿನ ನಿಯಮ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳಲ್ಲಿ ಯೂನಿವರ್ಸಲ್ ಕ್ರೆಡಿಟ್ ಇದ್ದರೂ ಬಾಡಿಗೆ ಕಾನೂನು ಬೇರೆ, ಕಾಲೇಜಿನ ನೆರವು ಬೇರೆ. ಮೊತ್ತಗಳು 2025-26ರವು. ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತವೆ, ಆದ್ದರಿಂದ ಲೆಕ್ಕ ಹಾಕುವಾಗ ಆ ವರ್ಷದ ದರವನ್ನು ಸರ್ಕಾರದ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಹಂತ 1: ನಿಮಗೆ ಹಕ್ಕಿದೆಯೇ, ಮೊದಲು ಅದನ್ನು ನೋಡಿ

ನಿಮ್ಮ ವೀಸಾದಲ್ಲಿ "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್" (ಸಾರ್ವಜನಿಕ ನೆರವು ಪಡೆಯುವಂತಿಲ್ಲ) ಎಂಬ ಷರತ್ತಿದ್ದರೆ ಯೂನಿವರ್ಸಲ್ ಕ್ರೆಡಿಟ್, ಹೌಸಿಂಗ್ ಬೆನಿಫಿಟ್, ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ (ಮನೆಗೆ ಕಟ್ಟುವ ಸ್ಥಳೀಯ ತೆರಿಗೆಯಲ್ಲಿ ರಿಯಾಯಿತಿ) ಯಾವುದಕ್ಕೂ ಅರ್ಜಿ ಹಾಕಬೇಡಿ. ಸ್ಟೂಡೆಂಟ್ ವೀಸಾ, ಸ್ಕಿಲ್ಡ್ ವರ್ಕರ್ ವೀಸಾಗಳಲ್ಲಿ ಸಾಮಾನ್ಯವಾಗಿ ಈ ಷರತ್ತು ಇರುತ್ತದೆ. ಹಾಕಿದರೆ ಮುಂದಿನ ವೀಸಾ ಅರ್ಜಿಗೇ ಕುತ್ತು ಬರಬಹುದು. ಇಲ್ಲಿ ಹೇಳುವುದು ಐಎಲ್‌ಆರ್ (ಇಲ್ಲಿ ಕಾಯಂ ಆಗಿ ಇರಲು ಅನುಮತಿ) ಸಿಕ್ಕವರು, ಬ್ರಿಟಿಷ್ ಪೌರತ್ವ ಪಡೆದವರು ಮುಂತಾಗಿ ಸಾರ್ವಜನಿಕ ನೆರವಿಗೆ ಅರ್ಹರಾದವರ ವಿಷಯ.

ಇನ್ನೊಂದು ಮಾತು, ನಮ್ಮವರು ಹೆಚ್ಚಾಗಿ ಮರೆಯುವುದು: ಊರಿನಲ್ಲಿರುವ ಆಸ್ತಿ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಉಳಿತಾಯ ಮತ್ತು ಆಸ್ತಿ ಸೇರಿ 16,000 ಪೌಂಡ್ ಮೀರಿದರೆ ಏನೂ ಸಿಗುವುದಿಲ್ಲ. 6,000ದಿಂದ 16,000ದ ನಡುವೆ ಇದ್ದರೆ 6,000 ಮೀರಿದ ಪ್ರತಿ 250 ಪೌಂಡಿಗೆ ತಿಂಗಳಿಗೆ 4.35 ಪೌಂಡ್ ಆದಾಯವಿದೆ ಎಂದು ಹಿಡಿದು ಅಷ್ಟನ್ನು ಕಡಿತ ಮಾಡುತ್ತಾರೆ. ಮೈಸೂರಿನಲ್ಲಿ ನಿಮ್ಮ ಹೆಸರಿನಲ್ಲಿರುವ ಸೈಟು, ಬ್ಯಾಂಕಿನಲ್ಲಿರುವ ಎಫ್‌ಡಿ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಹೆಸರಿನ ಮನೆಯಲ್ಲಿ ಪಿಂಚಣಿ ವಯಸ್ಸು ದಾಟಿದ ಅಪ್ಪ ಅಮ್ಮ ವಾಸವಿದ್ದರೆ ಆ ಮನೆಗೆ ವಿನಾಯಿತಿ ಇದೆ. ಆದರೆ ಹೇಳದೆ ಇರುವುದಕ್ಕೆ ವಿನಾಯಿತಿ ಇಲ್ಲ. ಹಾಗೆಯೇ, ಕಷ್ಟಕ್ಕೆಂದು ಮನೆಯವರು ಆಗೀಗ ಕಳಿಸುವ ಹಣವನ್ನು ಆದಾಯವೆಂದು ಕತ್ತರಿಸುವುದಿಲ್ಲ. ಖಾತೆಯಲ್ಲಿ ಕೂಡಿಟ್ಟರೆ ಮಾತ್ರ ಉಳಿತಾಯವಾಗುತ್ತದೆ.

ಹಂತ 2: ಕೋರ್ಸ್ ಯಾವ ವರ್ಗದ್ದು, ಬರಹದಲ್ಲಿ ತೆಗೆದುಕೊಳ್ಳಿ

ಇದು ಎಲ್ಲಕ್ಕಿಂತ ಮುಖ್ಯ. ಲೆವೆಲ್ 3ರವರೆಗಿನ ಕೋರ್ಸುಗಳು, ಅಂದರೆ ಎ-ಲೆವೆಲ್, ಟಿ-ಲೆವೆಲ್, ಲೆವೆಲ್ 2 ಅಥವಾ 3 ಡಿಪ್ಲೊಮಾ, ಆಕ್ಸೆಸ್ ಟು ಎಚ್‌ಇ (ಡಿಗ್ರಿ ಸೇರಲು ಸಿದ್ಧಗೊಳಿಸುವ) ಡಿಪ್ಲೊಮಾ ಇವೆಲ್ಲ ಒಂದು ಬಗೆ. ಲೆವೆಲ್ 4 ಮತ್ತು ಮೇಲಿನವು, ಎಚ್‌ಎನ್‌ಸಿ, ಎಚ್‌ಎನ್‌ಡಿ, ಫೌಂಡೇಶನ್ ಡಿಗ್ರಿ, ಇನ್ನೊಂದು ಬಗೆ. ಎರಡೂ ಒಂದೇ ಕಾಲೇಜು ಕಟ್ಟಡದಲ್ಲಿ ನಡೆಯಬಹುದು, ಬೆನಿಫಿಟ್ ನಿಯಮ ಮಾತ್ರ ಪೂರ್ತಿ ಬೇರೆ.

ಲೆವೆಲ್ 4 ಮತ್ತು ಮೇಲಿನ ಫುಲ್ ಟೈಮ್ ವಿದ್ಯಾರ್ಥಿಗಳಿಗೆ ಯೂನಿವರ್ಸಲ್ ಕ್ರೆಡಿಟ್ ಸಾಮಾನ್ಯವಾಗಿ ಇಲ್ಲ. ಹೊರತುಗಳಿವೆ: ಮಗುವಿನ ಹೊಣೆ ಇದ್ದರೆ, ಗಂಡ ಅಥವಾ ಹೆಂಡತಿ ವಿದ್ಯಾರ್ಥಿಯಲ್ಲದೆ ಸ್ವತಃ ಅರ್ಹರಾಗಿದ್ದರೆ, ಕೋರ್ಸ್ ಸೇರುವ ಮೊದಲೇ ಕೆಲಸ ಮಾಡುವ ಶಕ್ತಿ ಸೀಮಿತವೆಂದು ತೀರ್ಮಾನವಾಗಿ ಪಿಐಪಿ (ದೀರ್ಘ ಅನಾರೋಗ್ಯ ಅಥವಾ ಅಂಗವೈಕಲ್ಯ ಇದ್ದವರಿಗೆ ಸಿಗುವ ಬೆನಿಫಿಟ್) ಕೂಡ ಬರುತ್ತಿದ್ದರೆ. ಈ ಗುಂಪಿನವರಿಗೆ ಸ್ಟೂಡೆಂಟ್ ಫೈನಾನ್ಸ್‌ನ ಮೇಂಟೆನೆನ್ಸ್ ಲೋನ್ ಆದಾಯವೆಂದು ಲೆಕ್ಕವಾಗುತ್ತದೆ. ನೀವು ಆ ಸಾಲವನ್ನು ತೆಗೆದುಕೊಳ್ಳದಿದ್ದರೂ, ಸಿಗಬಹುದಾಗಿದ್ದಷ್ಟನ್ನು ಸಿಕ್ಕಿದೆ ಎಂದೇ ಹಿಡಿಯುತ್ತಾರೆ! ಆದ್ದರಿಂದ "ಸಾಲ ಬೇಡ, ಬೆನಿಫಿಟ್ ಸಾಕು" ಎನ್ನುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಬೋಧನಾ ಶುಲ್ಕದ ಸಾಲ ಲೆಕ್ಕಕ್ಕಿಲ್ಲ, ಸ್ಪೆಷಲ್ ಸಪೋರ್ಟ್ ಲೋನ್ ಎಂಬ ಭಾಗವೂ ಲೆಕ್ಕಕ್ಕಿಲ್ಲ. ಉಳಿದದ್ದನ್ನು ಶೈಕ್ಷಣಿಕ ವರ್ಷದ ತಿಂಗಳುಗಳಿಗೆ ಹಂಚಿ, ತಿಂಗಳಿಗೆ 110 ಪೌಂಡ್ ಬಿಟ್ಟು, ಮಿಕ್ಕಿದ್ದನ್ನು ಕಳೆಯುತ್ತಾರೆ. ಉದಾಹರಣೆಗೆ 8,100 ಪೌಂಡ್ ಒಂಬತ್ತು ತಿಂಗಳಿಗೆ ಹಂಚಿದರೆ 900. ಅದರಲ್ಲಿ 110 ಬಿಟ್ಟರೆ 790 ಪೌಂಡ್ ಕಡಿತ. ಬೇಸಿಗೆಯ ದೀರ್ಘ ರಜೆಯಲ್ಲಿ ಈ ಕಡಿತ ಇಲ್ಲ.

ಲೆವೆಲ್ 3ರವರೆಗಿನವರ ಕಥೆ ಬೇರೆ. 21 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿದ್ದು ತಂದೆತಾಯಿಯ ಆಸರೆ ಇಲ್ಲದವರಿಗೆ ಫುಲ್ ಟೈಮ್ ಓದುತ್ತಿದ್ದರೂ ಹಕ್ಕಿದೆ. ಅದಕ್ಕಿಂತ ದೊಡ್ಡವರ ವಿಷಯದಲ್ಲಿ ಪ್ರಶ್ನೆ ಒಂದೇ: ನೀವು ಒಪ್ಪಿಕೊಂಡ ಕ್ಲೇಮಂಟ್ ಕಮಿಟ್‌ಮೆಂಟಿಗೆ, ಅಂದರೆ ಕೆಲಸ ಹುಡುಕುವ ಷರತ್ತುಗಳಿಗೆ, ಈ ಕೋರ್ಸ್ ಅಡ್ಡ ಬರುತ್ತದೆಯೇ? ಅಡ್ಡ ಬರುವುದಿಲ್ಲ ಎಂದಾದರೆ ಹಣ ಮುಂದುವರಿಯುತ್ತದೆ. ಇದನ್ನು ನೋಡುವವರು ಜಾಬ್‌ಸೆಂಟರಿನಲ್ಲಿ ನಿಮ್ಮನ್ನು ನೋಡಿಕೊಳ್ಳುವ ಅಧಿಕಾರಿ, ಅಂದರೆ ನಿಮ್ಮ ವರ್ಕ್ ಕೋಚ್. ಒಬ್ಬ ಕೋಚ್ ಬಾಯಲ್ಲಿ "ಆಯಿತು" ಎಂದದ್ದು ಅವರು ಬದಲಾದ ದಿನ ಗಾಳಿಗೆ ಹೋಗುತ್ತದೆ. ಆದ್ದರಿಂದ ಕಾಲೇಜಿನಿಂದ ಒಂದು ಪತ್ರ ತನ್ನಿ. ಅದರಲ್ಲಿ ಕೋರ್ಸಿನ ಹೆಸರು ಮತ್ತು ಲೆವೆಲ್, ವಾರಕ್ಕೆ ಎಷ್ಟು ಗಂಟೆ ತರಗತಿ, ಯಾವ ದಿನಗಳು, ಶುರು ಮತ್ತು ಮುಗಿಯುವ ದಿನಾಂಕ, ಶುಲ್ಕ ಯಾರು ಕಟ್ಟುತ್ತಾರೆ ಎಂಬುದಿರಲಿ. ಅದನ್ನು ನಿಮ್ಮ ಯೂನಿವರ್ಸಲ್ ಕ್ರೆಡಿಟ್ ಆನ್‌ಲೈನ್ ಖಾತೆಯ ಜರ್ನಲ್‌ಗೆ ಏರಿಸಿ, "ಈ ಸಮಯಪಟ್ಟಿಯ ಹೊರಗೆ ಕೆಲಸಕ್ಕೆ ಸಿದ್ಧನಿದ್ದೇನೆ, ಕಮಿಟ್‌ಮೆಂಟಿನಲ್ಲಿ ಇದನ್ನು ಸೇರಿಸಿ" ಎಂದು ಬರೆಯಿರಿ. ಜರ್ನಲ್‌ನಲ್ಲಿ ಬರೆದದ್ದೇ ನಿಮ್ಮ ಸಾಕ್ಷಿ.

ಮುಚ್ಚಿಡುವ ಯೋಚನೆ ಬೇಡವೇ ಬೇಡ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಹೆಚ್ಚಾಗಿ ಬಂದ ಹಣವನ್ನು, ತಪ್ಪು ಅದನ್ನು ಕೊಡುವ ಇಲಾಖೆಯದ್ದೇ ಆಗಿದ್ದರೂ, ವಾಪಸ್ ಕೇಳುವ ಅಧಿಕಾರ ಅವರಿಗಿದೆ.

ಲೆವೆಲ್ 3ರಿಂದ 6ರವರೆಗಿನ ಕೆಲವು ಕೋರ್ಸುಗಳಿಗೆ, 19 ದಾಟಿದವರಿಗೆ ಸಿಗುವ ಅಡ್ವಾನ್ಸ್ಡ್ ಲರ್ನರ್ ಲೋನ್ ಶುಲ್ಕಕ್ಕೆ ಮಾತ್ರ. ಅದು ನೇರ ಕಾಲೇಜಿಗೆ ಹೋಗುತ್ತದೆ, ನಿಮ್ಮ ಆದಾಯವಾಗುವುದಿಲ್ಲ. ಆಕ್ಸೆಸ್ ಟು ಎಚ್‌ಇಗೆ ಈ ಸಾಲ ಪಡೆದು, ಮುಂದೆ ಡಿಗ್ರಿ ಮುಗಿಸಿದರೆ ಆಕ್ಸೆಸ್‌ನ ಬಾಕಿ ಸಾಲ ಮನ್ನಾ ಆಗುತ್ತದೆ.

ಹಂತ 3: ಕೊರತೆ ಎಷ್ಟು, ಪೌಂಡಿನಲ್ಲಿ ಬರೆಯಿರಿ

2025-26ರಲ್ಲಿ ಒಬ್ಬರೇ ಇರುವವರಿಗೆ ಮೂಲ ಮೊತ್ತ 25 ತುಂಬದಿದ್ದರೆ ತಿಂಗಳಿಗೆ 316.98 ಪೌಂಡ್, ತುಂಬಿದ್ದರೆ 400.14. ಇದರ ಮೇಲೆ ಬಾಡಿಗೆಯ ಭಾಗ. ಖಾಸಗಿ ಮನೆಯಾದರೆ ಅದಕ್ಕೆ ಲೋಕಲ್ ಹೌಸಿಂಗ್ ಅಲೋವೆನ್ಸ್ ಎಂಬ ಮಿತಿ ಇದೆ. ನಿಮ್ಮ ಪ್ರದೇಶದ ಬಾಡಿಗೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ನೂರರಲ್ಲಿ ಮೂವತ್ತನೆಯದು ಎಷ್ಟೋ ಅಷ್ಟು ಎನ್ನುವುದು ಅದರ ಮೂಲ ಲೆಕ್ಕ. ಆದರೆ 2024ರ ಏಪ್ರಿಲ್‌ನಲ್ಲಿ ಏರಿಸಿದ ಮೇಲೆ 2025ರಲ್ಲಿ ಅದನ್ನು ಹಾಗೇ ನಿಲ್ಲಿಸಿದರು. ಬಾಡಿಗೆಗಳು ನಿಲ್ಲಲಿಲ್ಲ. ನಿಮ್ಮ ಬಾಡಿಗೆಗೂ ಬರುವ ಹಣಕ್ಕೂ ತಾಳೆಯಾಗದಿರಲು ಮುಖ್ಯ ಕಾರಣ ಇದೇ, ನಿಮ್ಮ ದುಂದುವೆಚ್ಚವಲ್ಲ.

35 ತುಂಬದ ಒಂಟಿ ಬಾಡಿಗೆದಾರರಿಗೆ ಇನ್ನೊಂದು ಪೆಟ್ಟು: ಪೂರ್ತಿ ಫ್ಲ್ಯಾಟ್ ಹಿಡಿದಿದ್ದರೂ ಹಂಚಿಕೊಂಡ ಮನೆಯ ಒಂದು ಕೋಣೆಯ ದರವೇ ಸಿಗುತ್ತದೆ. ಪಿಐಪಿಯ ಡೈಲಿ ಲಿವಿಂಗ್ ಭಾಗ ಪಡೆಯುವವರು, 25ರೊಳಗಿನ ಕೇರ್ ಲೀವರ್‌ಗಳು (ಚಿಕ್ಕಂದಿನಲ್ಲಿ ಕೌನ್ಸಿಲ್‌ನ ಪಾಲನೆಯಲ್ಲಿದ್ದವರು), ಮನೆಯೊಳಗಿನ ದೌರ್ಜನ್ಯಕ್ಕೆ ಒಳಗಾದವರು, ಮನೆಯಿಲ್ಲದವರ ಹಾಸ್ಟೆಲ್‌ನಲ್ಲಿ ಮೂರು ತಿಂಗಳು ಕಳೆದವರು ಇವರಿಗೆಲ್ಲ ಇದರಿಂದ ವಿನಾಯಿತಿ ಇದೆ. ನೀವು ಈ ಪಟ್ಟಿಯಲ್ಲಿದ್ದೂ ಕಡಿಮೆ ದರ ಬರುತ್ತಿದ್ದರೆ ಅದನ್ನು ಸರಿಪಡಿಸುವುದೇ ದೊಡ್ಡ ಗಳಿಕೆ. ಒಂದು ತಿಂಗಳೊಳಗೆ ಮ್ಯಾಂಡೇಟರಿ ರೀಕನ್ಸಿಡರೇಶನ್, ಅಂದರೆ ಇಲಾಖೆಯಿಂದಲೇ ಮರುಪರಿಶೀಲನೆ, ಕೇಳಿ. ಅದೂ ಆಗದಿದ್ದರೆ ಟ್ರಿಬ್ಯುನಲ್.

ಈಗ ಒಂದು ಲೆಕ್ಕ. 27 ವಯಸ್ಸಿನ ಒಬ್ಬರು, ಬಾಡಿಗೆ 650, ಅವರ ಪ್ರದೇಶದ ಕೋಣೆಯ ದರ 480 ಎಂದಿಟ್ಟುಕೊಳ್ಳಿ. ಕೈಗೆ ಬರುವುದು 880.14. ಬಾಡಿಗೆ ಕಟ್ಟಿದರೆ ಉಳಿಯುವುದು 230.14. ಅಂದರೆ ಬದುಕಲೆಂದು ಕೊಟ್ಟ ಹಣದಿಂದ 170 ಪೌಂಡ್ ಪ್ರತಿ ತಿಂಗಳೂ ಬಾಡಿಗೆಗೆ ಜಾರುತ್ತಿದೆ. ಆ 170 ಎನ್ನುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಅರ್ಜಿಗಳಲ್ಲಿ ಕೇಳಬೇಕಾದದ್ದು ಅದನ್ನೇ. "ತುಂಬಾ ಕಷ್ಟವಾಗುತ್ತಿದೆ" ಎಂಬ ಅರ್ಜಿಗಿಂತ "ತಿಂಗಳಿಗೆ 170 ಪೌಂಡ್ ಕೊರತೆ, ಕೋರ್ಸ್ ಮುಗಿಯುವ ಜುಲೈವರೆಗೆ" ಎಂಬ ಅರ್ಜಿಗೆ ಉತ್ತರ ಕೊಡುವುದು ಅಧಿಕಾರಿಗೂ ಸುಲಭ.

ವಾರದ ಲೆಕ್ಕದಲ್ಲಿ ಬಾಡಿಗೆ ಕಟ್ಟುವವರು ಒಂದು ವಿಷಯ ಗಮನಿಸಿ. 150 ಪೌಂಡ್ ವಾರದ ಬಾಡಿಗೆಯನ್ನು ಇಲಾಖೆ 52ರಿಂದ ಗುಣಿಸಿ 12ರಿಂದ ಭಾಗಿಸಿ 650 ಎನ್ನುತ್ತದೆ. ಐದು ವಾರ ಬೀಳುವ ತಿಂಗಳಲ್ಲಿ ನೀವು 750 ಕಟ್ಟುತ್ತೀರಿ. ಮಾಲೀಕರನ್ನು ಕೇಳಿ ತಿಂಗಳ ಬಾಡಿಗೆಗೆ ಬದಲಾಯಿಸಿಕೊಂಡರೆ ಈ ಏರುಪೇರು ಹೋಗುತ್ತದೆ.

ಹಂತ 4: ಬಾಡಿಗೆಯ ದಾಖಲೆ ಗಟ್ಟಿ ಮಾಡಿಕೊಳ್ಳಿ

ಪರಿಚಯದವರ ಮನೆಯಲ್ಲಿ ಒಂದು ಕೋಣೆ, ಬಾಯಿಮಾತಿನ ಒಪ್ಪಂದ, ಕೈಗೆ ಕ್ಯಾಶ್. ನಮ್ಮ ಬಳಗದಲ್ಲಿ ಇದು ತೀರಾ ಸಾಮಾನ್ಯ. ವಿಶ್ವಾಸಕ್ಕೆ ಕೊರತೆಯಿಲ್ಲ, ಆದರೆ ಯೂನಿವರ್ಸಲ್ ಕ್ರೆಡಿಟ್‌ಗೆ ಪುರಾವೆ ಬೇಕು. ಸಹಿ ಇರುವ ಕರಾರು ಅಥವಾ ಮಾಲೀಕರ ಪತ್ರ ತೆಗೆದುಕೊಳ್ಳಿ, ಬಾಡಿಗೆಯನ್ನು ಬ್ಯಾಂಕ್ ಮೂಲಕವೇ ಕಳಿಸಿ. ಮಾಲೀಕರು ನಿಮ್ಮ ಅಣ್ಣನೋ ಅತ್ತೆಮಾವನೋ ಆಗಿದ್ದು ನೀವೆಲ್ಲ ಒಂದೇ ಮನೆಯಲ್ಲಿದ್ದರೆ ಬಾಡಿಗೆಯ ಭಾಗ ಸಿಗುವುದೇ ಇಲ್ಲ. ಹತ್ತಿರದ ಸಂಬಂಧಿಗಳ ಜೊತೆ ವಾಸಿಸುವವರಿಗೆ ನಿಯಮ ಹಾಗಿದೆ. ಅದನ್ನು ಮುಚ್ಚಿಟ್ಟು ಕರಾರು ಬರೆಸುವುದು ವಂಚನೆ.

ಹಂತ 5: ಕೌನ್ಸಿಲ್‌ಗೆ ಅರ್ಜಿ ಹಾಕಿ

ಬಾಡಿಗೆಯ ಕೊರತೆಗೆಂದೇ ಇದ್ದ ನೆರವು ಡಿಸ್ಕ್ರೆಶನರಿ ಹೌಸಿಂಗ್ ಪೇಮೆಂಟ್. 2026ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಅದು ಕ್ರೈಸಿಸ್ ಅಂಡ್ ರೆಸಿಲಿಯನ್ಸ್ ಫಂಡ್‌ನೊಳಗೆ ಸೇರಿದೆ. ಹೆಸರು ಯಾವುದಾದರೂ ಇರಲಿ, ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಬಾಡಿಗೆ ನೆರವಿನ ಅರ್ಜಿ ಹುಡುಕಿ. ಸಿಗದಿದ್ದರೆ ಫೋನ್ ಮಾಡಿ ಎರಡೂ ಹೆಸರು ಹೇಳಿ ಕೇಳಿ.

ಇದು ಹಕ್ಕಲ್ಲ, ಕೌನ್ಸಿಲ್‌ನ ವಿವೇಚನೆ. ಆದ್ದರಿಂದಲೇ ಅರ್ಜಿ ಬರೆಯುವ ರೀತಿ ಇಲ್ಲಿ ಕೆಲಸ ಮಾಡುತ್ತದೆ. ಕೋರ್ಸ್ ಓದುತ್ತಿರುವವರಿಗೆ ಒಂದು ದೊಡ್ಡ ಅನುಕೂಲವಿದೆ: ನಿಮ್ಮ ಕಷ್ಟಕ್ಕೆ ಕೊನೆಯ ದಿನಾಂಕವಿದೆ. ಕೊನೆಯಿಲ್ಲದ ಕೊರತೆಗೆ ಹಣ ಕೊಡಲು ಕೌನ್ಸಿಲ್ ಹಿಂಜರಿಯುತ್ತದೆ. "ಜುಲೈನಲ್ಲಿ ಲೆವೆಲ್ 3 ಚೈಲ್ಡ್‌ಕೇರ್ ಡಿಪ್ಲೊಮಾ ಮುಗಿಯುತ್ತದೆ, ಆಮೇಲೆ ನರ್ಸರಿಯಲ್ಲಿ ಕೆಲಸ ಹುಡುಕುತ್ತೇನೆ, ಅಲ್ಲಿಯವರೆಗೆ ಆರು ತಿಂಗಳು ತಿಂಗಳಿಗೆ 170" ಎಂದರೆ ಅದು ಅವರಿಗೆ ಅರ್ಥವಾಗುವ ಮಾತು. ಈಗ ಮನೆ ಬಿಟ್ಟರೆ ಕೋರ್ಸ್ ನಿಲ್ಲುತ್ತದೆ ಎಂಬುದನ್ನೂ ಬರೆಯಿರಿ. ಜೊತೆಗೆ ಕಾಲೇಜಿನ ಪತ್ರ, ಬಾಡಿಗೆ ಕರಾರು, ಯೂನಿವರ್ಸಲ್ ಕ್ರೆಡಿಟ್ ಸ್ಟೇಟ್‌ಮೆಂಟ್, ಕಳೆದ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್, ತಿಂಗಳ ಖರ್ಚಿನ ಪಟ್ಟಿ ಇರಲಿ. ಪಟ್ಟಿಯಲ್ಲಿ ಊಟದ ಖರ್ಚನ್ನು ನಾಚಿಕೆಯಿಂದ ಕಡಿಮೆ ಬರೆಯುವವರು ತಮಗೆ ತಾವೇ ಕೊರತೆ ಇಲ್ಲವೆಂದು ಸಾಬೀತು ಮಾಡಿಕೊಂಡಂತೆ. ಇದ್ದದ್ದನ್ನು ಬರೆಯಿರಿ.

ನಿರಾಕರಿಸಿದರೆ ಟ್ರಿಬ್ಯುನಲ್‌ಗೆ ಹೋಗುವ ದಾರಿ ಇಲ್ಲ, ಮರುಪರಿಶೀಲನೆ ಕೇಳಬಹುದು. ಒಮ್ಮೆ ಸಿಕ್ಕ ಅವಧಿ ಮುಗಿಯುವ ಮೊದಲೇ ಮತ್ತೆ ಅರ್ಜಿ ಹಾಕಿ.

ಕೌನ್ಸಿಲ್ ಬಳಿ ಇರುವಾಗಲೇ ಕೌನ್ಸಿಲ್ ಟ್ಯಾಕ್ಸ್ ಕೂಡ ನೋಡಿ. ಕನಿಷ್ಠ ಒಂದು ವರ್ಷದ, ವರ್ಷಕ್ಕೆ 24 ವಾರ, ವಾರಕ್ಕೆ ಸರಾಸರಿ 21 ಗಂಟೆ ಓದು ಬೇಡುವ ಕೋರ್ಸ್ ಆದರೆ ನೀವು ಈ ತೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಮನೆಯಲ್ಲಿ ಎಲ್ಲರೂ ಅಂಥ ವಿದ್ಯಾರ್ಥಿಗಳಾದರೆ ತೆರಿಗೆಯೇ ಇಲ್ಲ, ಒಬ್ಬರು ಮಾತ್ರ ವಿದ್ಯಾರ್ಥಿಯಲ್ಲದಿದ್ದರೆ ಶೇ. 25 ರಿಯಾಯಿತಿ. ಇಲ್ಲೊಂದು ಇಕ್ಕಟ್ಟು ಇದೆ. ಕೌನ್ಸಿಲ್‌ಗೆ "21 ಗಂಟೆಯ ಫುಲ್ ಟೈಮ್" ಎಂದು ಕೊಟ್ಟ ಪತ್ರವನ್ನೇ ಜಾಬ್‌ಸೆಂಟರ್ ನೋಡಿದರೆ ಕೆಲಸಕ್ಕೆ ಸಮಯವೆಲ್ಲಿ ಎಂದು ಕೇಳಬಹುದು. ಎರಡು ಕಡೆ ಎರಡು ಕಥೆ ಹೇಳುವ ಪ್ರಶ್ನೆಯೇ ಇಲ್ಲ. ತರಗತಿಯ ಗಂಟೆ ಎಷ್ಟು, ಮನೆಯಲ್ಲಿ ಓದುವುದೆಷ್ಟು ಎಂದು ಪತ್ರದಲ್ಲೇ ಬೇರೆಬೇರೆಯಾಗಿ ಬರೆಸಿಕೊಂಡರೆ ಗೊಂದಲ ತಪ್ಪುತ್ತದೆ. ವಿದ್ಯಾರ್ಥಿ ವಿನಾಯಿತಿ ಸಿಗದವರು ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್‌ಗೆ ಬೇರೆ ಅರ್ಜಿ ಹಾಕಬೇಕು. ಯೂನಿವರ್ಸಲ್ ಕ್ರೆಡಿಟ್ ಅರ್ಜಿಯೊಂದಿಗೆ ಅದು ತಾನಾಗಿ ಬರುವುದಿಲ್ಲ.

ಹಂತ 6: ಕಾಲೇಜಿನ ಸ್ಟೂಡೆಂಟ್ ಸರ್ವಿಸಸ್ ಮೇಜಿಗೆ ಹೋಗಿ

19 ದಾಟಿದವರಿಗೆ ಡಿಸ್ಕ್ರೆಶನರಿ ಲರ್ನರ್ ಸಪೋರ್ಟ್ ಎಂಬ ನಿಧಿ ಇದೆ. ಬಸ್ಸು ಖರ್ಚು, ಪುಸ್ತಕ, ಸಲಕರಣೆ, ಮಕ್ಕಳ ಪಾಲನೆ, ಕೆಲವೊಮ್ಮೆ ವಸತಿಗೂ ಅದರಿಂದ ಕೊಡುತ್ತಾರೆ. 16ರಿಂದ 19ರವರಿಗೆ ಬರ್ಸರಿ ನಿಧಿ. ಕೇರ್‌ನಲ್ಲಿರುವವರು, ಕೇರ್ ಲೀವರ್‌ಗಳು, ತಮ್ಮ ಹೊಟ್ಟೆ ತಾವೇ ಹೊರೆಯುತ್ತಿದ್ದು ಯೂನಿವರ್ಸಲ್ ಕ್ರೆಡಿಟ್ ಪಡೆಯುವವರಿಗೆ ವರ್ಷಕ್ಕೆ 1,200 ಪೌಂಡ್‌ವರೆಗೆ. 20 ತುಂಬದ ತಾಯಿ ತಂದೆಯರಿಗೆ ಮಗುವಿನ ಪಾಲನೆಗೆ ಕೇರ್ ಟು ಲರ್ನ್ ಬೇರೆ. ಈ ನಿಧಿಗಳು ಬಾಡಿಗೆಯನ್ನು ನೇರವಾಗಿ ಕಟ್ಟದಿದ್ದರೂ, ಬಸ್ ಪಾಸ್ ಮತ್ತು ಮಧ್ಯಾಹ್ನದ ಊಟ ಅಲ್ಲಿಂದ ಬಂದರೆ ಆ ಹಣ ಬಾಡಿಗೆಗೆ ಉಳಿಯುತ್ತದೆ. ನಿಧಿ ಸೀಮಿತ, ಟರ್ಮ್ ಶುರುವಿನಲ್ಲೇ ಕೇಳಿದವರಿಗೆ ಹೆಚ್ಚು ಅವಕಾಶ. ಈಗ ಮಧ್ಯದಲ್ಲಿದ್ದೀರಾ? ಆದರೂ ಕೇಳಿ.

ಹಂತ 7: ಸ್ವಲ್ಪ ದುಡಿಮೆ, ಆದರೆ ಲೆಕ್ಕ ಹಾಕಿ

ದುಡಿದ ಪ್ರತಿ ಪೌಂಡಿಗೆ 55 ಪೆನ್ಸ್ ಕಡಿತ, 45 ಪೆನ್ಸ್ ನಿಮಗೆ. ಮಗುವಿನ ಹೊಣೆ ಅಥವಾ ಅನಾರೋಗ್ಯದ ತೀರ್ಮಾನ ಇದ್ದವರಿಗೆ ಬಾಡಿಗೆ ನೆರವಿನ ಜೊತೆ ತಿಂಗಳಿಗೆ ಮೊದಲ 411 ಪೌಂಡ್‌ವರೆಗೆ ಕಡಿತವೇ ಇಲ್ಲ. ಮೇಲಿನ ಉದಾಹರಣೆಯ 170 ಪೌಂಡ್ ಕೊರತೆಯನ್ನು ದುಡಿಮೆಯಿಂದಲೇ ತುಂಬಬೇಕೆಂದರೆ ಸುಮಾರು 378 ಪೌಂಡ್ ಗಳಿಸಬೇಕು. 2025-26ರ ಕನಿಷ್ಠ ವೇತನ ಗಂಟೆಗೆ 12.21ರಂತೆ ಅದು ತಿಂಗಳಿಗೆ 31 ಗಂಟೆ, ವಾರಕ್ಕೆ ಏಳು ಗಂಟೆಯ ಕೆಲಸ. ಒಂದು ಶನಿವಾರದ ಶಿಫ್ಟ್. ನನ್ನ ಅಭಿಪ್ರಾಯದಲ್ಲಿ ಇದು ಮಾಡಬಹುದಾದ ಕೆಲಸ. ಇದಕ್ಕಿಂತ ಬಹಳ ಹೆಚ್ಚು ಮಾಡಿ ಪರೀಕ್ಷೆ ಕೆಡಿಸಿಕೊಳ್ಳುವುದರಲ್ಲಿ, ಅದೂ ಪೌಂಡಿಗೆ 45 ಪೆನ್ಸ್‌ಗಾಗಿ, ಅರ್ಥವಿಲ್ಲ.

ಮನೆಯಲ್ಲಿ ಖಾಲಿ ಕೋಣೆ ಇದ್ದು ಮಾಲೀಕರು ಒಪ್ಪಿದರೆ ಲಾಡ್ಜರ್ (ನಿಮ್ಮ ಜೊತೆ ಒಂದು ಕೋಣೆಯಲ್ಲಿ ಬಾಡಿಗೆಗಿರುವವರು) ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಲಾಡ್ಜರ್ ಕೊಡುವ ಬಾಡಿಗೆಯನ್ನು ಯೂನಿವರ್ಸಲ್ ಕ್ರೆಡಿಟ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ವರ್ಷಕ್ಕೆ 7,500 ಪೌಂಡ್‌ವರೆಗೆ ಆದಾಯ ತೆರಿಗೆಯೂ ಇಲ್ಲ. ಒಬ್ಬರೇ ಇರುವುದಕ್ಕೆ ಸಿಗುವ ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ ಮಾತ್ರ ಹೋಗಬಹುದು.

ಹಂತ 8: ಬಾಡಿಗೆ ತಪ್ಪುವ ಮೊದಲೇ ಮಾಲೀಕರಿಗೆ ಬರೆಯಿರಿ

ಫೋನಿನಲ್ಲಲ್ಲ, ಇಮೇಲ್‌ನಲ್ಲಿ. ಯಾವ ತಾರೀಕಿಗೆ ಹಣ ಬರುತ್ತದೆ, ಈ ತಿಂಗಳು ಎಷ್ಟು ಕಟ್ಟುತ್ತೀರಿ, ಬಾಕಿಯನ್ನು ಎಷ್ಟೆಷ್ಟಾಗಿ ತೀರಿಸುತ್ತೀರಿ, ಕೌನ್ಸಿಲ್‌ಗೆ ಯಾವ ದಿನ ಅರ್ಜಿ ಹಾಕಿದ್ದೀರಿ. ಇಷ್ಟೇ. ಕಟ್ಟಲಾಗದ ಕಂತನ್ನು ಒಪ್ಪಿಕೊಳ್ಳಬೇಡಿ. ಬಾಡಿಗೆಯ ದಿನ ನಿಮ್ಮ ಯೂನಿವರ್ಸಲ್ ಕ್ರೆಡಿಟ್ ಬರುವ ದಿನಕ್ಕಿಂತ ಮೊದಲಿದ್ದರೆ, ಎರಡು ದಿನ ಆಚೆಗೆ ಸರಿಸಲು ಕೇಳುವುದರಿಂದಲೇ ಅರ್ಧ ತಲೆನೋವು ಹೋಗಬಹುದು. ಬಾಕಿ ಎರಡು ತಿಂಗಳಿಗೆ ಮುಟ್ಟಿದರೆ ಬಾಡಿಗೆಯ ಭಾಗವನ್ನು ನೇರ ತನಗೇ ಕೊಡಿ ಎಂದು ಮಾಲೀಕರು ಇಲಾಖೆಯನ್ನು ಕೇಳಬಹುದು. ಹಣ ಕೈಯಲ್ಲಿ ನಿಲ್ಲುವುದಿಲ್ಲ ಎನ್ನುವವರು ತಾವೇ ಅದನ್ನು ಕೇಳುವುದೂ ಒಳ್ಳೆಯದು.

ಇನ್ನು ಕಾನೂನು. ರೆಂಟರ್ಸ್ ರೈಟ್ಸ್ ಆಕ್ಟ್ 2025 ಖಾಸಗಿ ಬಾಡಿಗೆದಾರರಿಗೆ 2026ರ ಮೇ 1ರಿಂದ ಅನ್ವಯಿಸುತ್ತದೆ. ಕಾರಣ ಹೇಳದೆ ಬಿಡಿಸುವ ಸೆಕ್ಷನ್ 21 ನೋಟಿಸ್ ಇನ್ನಿಲ್ಲ. ಬಾಡಿಗೆ ಏರಿಕೆ ವರ್ಷಕ್ಕೆ ಒಂದೇ ಬಾರಿ, ಎರಡು ತಿಂಗಳ ನೋಟಿಸ್ ಕೊಟ್ಟು. ಹೆಚ್ಚೆನಿಸಿದರೆ ಟ್ರಿಬ್ಯುನಲ್‌ಗೆ ಹೋಗಬಹುದು. ಬೆನಿಫಿಟ್ ಪಡೆಯುವವರೆಂಬ ಕಾರಣಕ್ಕೆ ಮನೆ ಕೊಡದಿರುವುದು ಕಾನೂನುಬಾಹಿರ. ಬಾಕಿಗಾಗಿ ಕೋರ್ಟು ಕಡ್ಡಾಯವಾಗಿ ಬಿಡಿಸಬೇಕಾದರೆ ಮೂರು ತಿಂಗಳ ಬಾಕಿ ಇರಬೇಕು, ನಾಲ್ಕು ವಾರದ ನೋಟಿಸ್ ಬೇಕು. ಯೂನಿವರ್ಸಲ್ ಕ್ರೆಡಿಟ್ ಬರಲು ತಡವಾದ್ದರಿಂದ ಆದ ಬಾಕಿಯನ್ನು ಆ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮನೆ ಮಾಲೀಕರ ಮನೆಯೊಳಗೇ ಕೋಣೆ ಹಿಡಿದ ಲಾಡ್ಜರ್‌ಗಳಿಗೆ ಈ ರಕ್ಷಣೆ ಇಲ್ಲ, ಅದನ್ನು ಮರೆಯಬೇಡಿ.

ಹಂತ 9: ಸಾಲ ಮಾಡುವುದಾದರೆ

ಹೊಸದಾಗಿ ಅರ್ಜಿ ಹಾಕಿದವರಿಗೆ ಮೊದಲ ಹಣ ಬರಲು ಐದು ವಾರ ಬೇಕು. ಅಲ್ಲಿಯವರೆಗೆ ಇಲಾಖೆಯೇ ಬಡ್ಡಿಯಿಲ್ಲದ ಮುಂಗಡ ಕೊಡುತ್ತದೆ, ಆಮೇಲೆ ತಿಂಗಳು ತಿಂಗಳು ಹಿಡಿದುಕೊಳ್ಳುತ್ತದೆ. ಆರು ತಿಂಗಳಿಂದ ಬೆನಿಫಿಟ್‌ನಲ್ಲಿರುವವರಿಗೆ ಬಜೆಟಿಂಗ್ ಅಡ್ವಾನ್ಸ್, ಒಬ್ಬರಿಗೆ 348 ಪೌಂಡ್‌ವರೆಗೆ. ಕಡಿತ 2025ರ ಏಪ್ರಿಲ್‌ನಿಂದ ಸಾಮಾನ್ಯವಾಗಿ ಮೂಲ ಮೊತ್ತದ ಶೇ. 15 ಮೀರುವುದಿಲ್ಲ. ತಿಂಗಳ ಕೊರತೆಯನ್ನು ಸಾಲದಿಂದ ತುಂಬಬೇಡಿ, ಒಂದು ಬಾರಿಯ ಖರ್ಚಿಗೆ ಮಾತ್ರ ಬಳಸಿ. ಬಡ್ಡಿಗೆ ಕೊಡುವ ಪರಿಚಯದವರು, ಪೇಡೇ ಲೋನ್ ಆಪ್‌ಗಳು ಇವುಗಳ ಹತ್ತಿರ ಸುಳಿಯಬೇಡಿ. ಸಾಲಗಳು ಆಗಲೇ ಕುತ್ತಿಗೆಗೆ ಬಂದಿದ್ದರೆ ಸ್ಟೆಪ್‌ಚೇಂಜ್‌ನಂಥ ಸಾಲ ಸಲಹೆಗಾರರ ಮೂಲಕ ಬ್ರೀದಿಂಗ್ ಸ್ಪೇಸ್ ಕೇಳಿ: 60 ದಿನ ಸಾಲ ಕೊಟ್ಟವರು ಕಾಡುವಂತಿಲ್ಲ, ಬಾಡಿಗೆ ಬಾಕಿಯೂ ಅದರಲ್ಲಿ ಸೇರುತ್ತದೆ. ಆ ಅವಧಿಯ ಹೊಸ ಬಾಡಿಗೆಯನ್ನು ಮಾತ್ರ ಕಟ್ಟುತ್ತಿರಬೇಕು.

ಹಂತ 10: ನೋಟಿಸ್ ಬಂದೇಬಿಟ್ಟರೆ

ಗಾಬರಿಯಿಂದ ಮನೆ ಖಾಲಿ ಮಾಡಬೇಡಿ. ನೋಟಿಸ್ ಎಂದರೆ ಆದೇಶವಲ್ಲ. ಲಾಡ್ಜರ್‌ಗಳನ್ನು ಬಿಟ್ಟರೆ, ಬಿಡಿಸಲು ಕೋರ್ಟ್ ಆದೇಶ ಬೇಕು. ಮೊದಲೇ ಹೊರಟರೆ "ಬೇಕೆಂದೇ ಮನೆ ಕಳೆದುಕೊಂಡರು" ಎಂದು ಕೌನ್ಸಿಲ್ ಹೇಳಬಹುದು. 56 ದಿನದೊಳಗೆ ಮನೆಯಿಲ್ಲದಂತಾಗುವ ಸಾಧ್ಯತೆ ಇದ್ದರೆ ಅದನ್ನು ತಡೆಯಲು ನೆರವಾಗುವುದು ಕೌನ್ಸಿಲ್‌ನ ಕರ್ತವ್ಯ ಎಂದು ಹೋಮ್‌ಲೆಸ್‌ನೆಸ್ ರಿಡಕ್ಷನ್ ಆಕ್ಟ್ 2017 ಹೇಳುತ್ತದೆ. ಕೌನ್ಸಿಲ್‌ನ ಹೌಸಿಂಗ್ ಆಪ್ಷನ್ಸ್ ವಿಭಾಗಕ್ಕೆ ಹೋಗಿ, ಈ ಕಾನೂನಿನಡಿ ಅರ್ಜಿ ಹಾಕುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿ. ಅದೇ ದಿನ ಉಚಿತ ಸಲಹೆ ಕೊಡುವ ಶೆಲ್ಟರ್ ಅಥವಾ ಸಿಟಿಜನ್ಸ್ ಅಡ್ವೈಸ್‌ಗೆ ನೋಟಿಸ್ ತೋರಿಸಿ. ತಪ್ಪಾಗಿ ಬರೆದ ನೋಟಿಸ್ ಕೋರ್ಟಿನಲ್ಲಿ ನಿಲ್ಲದೇ ಹೋಗಬಹುದು. ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಕೆ ಇದ್ದರೆ ದುಭಾಷಿಯನ್ನು ಕೇಳಿ.

ಹಂತ 11: ಕೋರ್ಸ್ ಮುಗಿದ ವಾರ

ಕೊನೆಯ ದಿನಾಂಕವನ್ನು ಜರ್ನಲ್‌ನಲ್ಲಿ ಹಾಕಿ. ವಿದ್ಯಾರ್ಥಿಯೆಂಬ ಕೌನ್ಸಿಲ್ ಟ್ಯಾಕ್ಸ್ ವಿನಾಯಿತಿ ಅದೇ ದಿನಕ್ಕೆ ನಿಲ್ಲುತ್ತದೆ, ಆದ್ದರಿಂದ ರಿಡಕ್ಷನ್ ಅರ್ಜಿಯನ್ನು ಆ ವಾರವೇ ಹಾಕಿ. ಕೆಲಸ ಹುಡುಕುವ ಗಂಟೆಗಳು ಮತ್ತೆ ಏರುತ್ತವೆ. ಕೌನ್ಸಿಲ್‌ನ ಬಾಡಿಗೆ ನೆರವು ಜುಲೈಗೆ ಮುಗಿಯುವಂತಿದ್ದು ಕೆಲಸ ಸೆಪ್ಟೆಂಬರ್‌ನಲ್ಲಿ ಶುರುವಾಗುವುದಾದರೆ, ಆಫರ್ ಲೆಟರ್ ಇಟ್ಟು ಆ ಎರಡು ತಿಂಗಳಿಗೆ ಮತ್ತೆ ಕೇಳಿ. ಮೊದಲ ಸಂಬಳ ಬಂದ ತಿಂಗಳು ಯೂನಿವರ್ಸಲ್ ಕ್ರೆಡಿಟ್ ತಾನಾಗಿಯೇ ಇಳಿಯುತ್ತದೆ. ಖಾತೆಯನ್ನು ಅವಸರದಲ್ಲಿ ಮುಚ್ಚಬೇಡಿ, ಪ್ರೊಬೇಷನ್ ದಾಟುವವರೆಗೆ ಹಾಗೇ ಇರಲಿ.